ಮರದ ಒಡೆತನ, ಕಾಡಿನ ಹೊಣೆ: ಕರ್ನಾಟಕದ ಅರಣ್ಯ ನೀತಿ ನಡೆದುಬಂದ ದಾರಿ

ಕೊಡಗಿನ ಕಾಫಿ ತೋಟದಲ್ಲಿ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಮರವನ್ನು ಕಡಿಯಲು ತೋಟದ ಮಾಲೀಕರಿಗೆ ಯಾರ ಅನುಮತಿಯೂ ಬೇಕಿಲ್ಲ. ಅದೇ ತೋಟದಲ್ಲಿ ತಾನಾಗಿ ಹುಟ್ಟಿ, ಎರಡು ಮೂರು ತಲೆಮಾರು ಕಾಫಿಗೆ ನೆರಳು ಕೊಟ್ಟ ಹೊನ್ನೆಗೋ ನಂದಿಗೋ ಮತ್ತಿಗೋ ಕೊಡಲಿ ಹಾಕಬೇಕಾದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು, ಪರಿಶೀಲನೆಗೆ ಕಾಯಬೇಕು. ಜಮೀನು ಯಾವ ಬಗೆಯ ಹಿಡುವಳಿ ಎಂಬುದರ ಮೇಲೆ ಮರದ ಬೆಲೆಯಲ್ಲಿ ಸರ್ಕಾರದ ಪಾಲನ್ನೂ ಕಟ್ಟಬೇಕಾಗುತ್ತದೆ. ನಾಡಿನ ಮರವನ್ನು ಉಳಿಸಬೇಕೆಂದೇ ಮಾಡಿದ ನಿಯಮ ಇದು. ಕಳೆದ ಕೆಲವು ದಶಕಗಳಲ್ಲಿ ಆಗಿದ್ದು ಬೇರೆ: ಕೊಡಗಿನ ತೋಟಗಳಲ್ಲಿ ನಾಡಮರಗಳು ಕಡಿಮೆಯಾಗುತ್ತಾ, ಅವುಗಳ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಾ ಹೋಗಿದೆ. ಅಲ್ಲಿನ ನೆರಳು ಮರಗಳ ಬಗ್ಗೆ ಸಂಶೋಧಕರು ನಡೆಸಿದ ಅಧ್ಯಯನಗಳೂ ಇದನ್ನು ಮತ್ತೆ ಮತ್ತೆ ಗುರುತಿಸಿವೆ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಅದರ ನೇರ ಕಾಂಡ ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ ಎಂಬುದೂ ಕಾರಣವೇ. ಆದರೆ ಕಡಿಯುವ ಸ್ವಾತಂತ್ರ್ಯವಿರುವ ಮರವನ್ನು ರೈತ ನೆಡುತ್ತಾನೆ, ಕಡಿಯಲು ಬಿಡದ ಮರದ ಸಸಿಯನ್ನು ಮೊಳಕೆಯಲ್ಲೇ ಕೀಳುತ್ತಾನೆ ಎಂಬ ಕಾರಣ ಇವೆಲ್ಲಕ್ಕಿಂತ ಆಳದ್ದು. ಕರ್ನಾಟಕದ ಅರಣ್ಯ ನೀತಿಯ ನೂರೈವತ್ತು ವರ್ಷಗಳಲ್ಲಿ, ಸರ್ಕಾರಿ ಕಾಡಿನಲ್ಲೂ ಖಾಸಗಿ ಜಮೀನಿನಲ್ಲೂ, ಇದೇ ಪಾಠ ಬೇರೆ ಬೇರೆ ರೂಪದಲ್ಲಿ ಮರುಕಳಿಸಿದೆ. ಮರವನ್ನು ಕಾಯುವವನಿಗೆ ಮರದ ಮೇಲೆ ಹಕ್ಕಿಲ್ಲದಿದ್ದಾಗ, ಹಕ್ಕಿದ್ದವನಿಗೆ ಕಾಯುವ ಹೊಣೆಯಿಲ್ಲದಿದ್ದಾಗ ಕಾಡು ಸೊರಗಿದೆ. ಹಕ್ಕು ಮತ್ತು ಹೊಣೆ ಒಂದೇ ಕೈಯಲ್ಲಿ ಸೇರಿದ ಕೆಲವೇ ಕಡೆ ಅದು ತಾಳಿಕೊಂಡಿದೆ.

ಈ ಬೇರ್ಪಡಿಕೆ ಶುರುವಾದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ರೈಲು ಹಳಿಯ ಅಡಿಮರಗಳಿಗೂ ಹಡಗು ಕಟ್ಟುವುದಕ್ಕೂ ತೇಗ ಬೇಕಾಗಿತ್ತು. 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಭಾರತದ ಅರಣ್ಯಗಳ ಮೊದಲ ಇನ್ಸ್‌ಪೆಕ್ಟರ್ ಜನರಲ್ ಆದರು. ಮುಂದಿನ ಹದಿನಾಲ್ಕು ವರ್ಷ ಬ್ರಿಟಿಷ್ ಅಧಿಕಾರಿಗಳ ನಡುವೆಯೇ ನಡೆದ ವಾದವನ್ನು ಇವತ್ತು ಓದಿದರೂ ಅದು ಹಳತೆನಿಸುವುದಿಲ್ಲ. ಕಾಡೆಲ್ಲ ರಾಜ್ಯದ ಸೊತ್ತು, ಹಳ್ಳಿಗರು ಅದನ್ನು ಬಳಸುತ್ತಿರುವುದು ಹಕ್ಕಿನಿಂದಲ್ಲ, ದೊರೆಯ ರಿಯಾಯಿತಿಯಿಂದ ಎಂಬುದು ಬೇಡನ್-ಪೊವೆಲ್ ಎಂಬ ಅಧಿಕಾರಿಯ ವಾದ. ಬ್ರಾಂಡಿಸ್ ರಾಜ್ಯದ ಕಾಯ್ದಿಟ್ಟ ಕಾಡುಗಳ ಜೊತೆಗೆ ಹಳ್ಳಿಗಳಿಗೂ ತಮ್ಮದೇ ಕಾಡು ಇರಬೇಕೆಂದರು. ಮದರಾಸು ಪ್ರಾಂತದ ಕಂದಾಯ ಅಧಿಕಾರಿಗಳು ಇನ್ನೂ ಮುಂದೆ ಹೋಗಿ, ಹಳ್ಳಿಗರ ಹಕ್ಕು ಪ್ರಾಚೀನವಾದದ್ದು, ಅದನ್ನು ಕಿತ್ತುಕೊಳ್ಳುವುದು ಅನ್ಯಾಯ ಎಂದು ಬರೆದರು. 1878ರ ಕಾಯ್ದೆಯಲ್ಲಿ ಗೆದ್ದದ್ದು ಬೇಡನ್-ಪೊವೆಲ್. ಗ್ರಾಮಾರಣ್ಯ ಎಂಬ ಅಧ್ಯಾಯ ಕಾಯ್ದೆಯಲ್ಲಿ ಉಳಿಯಿತು, 1927ರ ಕಾಯ್ದೆಗೂ 1963ರ ಕರ್ನಾಟಕ ಅರಣ್ಯ ಕಾಯ್ದೆಗೂ ದಾಟಿತು, ಆದರೆ ಬಳಕೆಗೆ ಬಂದದ್ದು ಬಹಳ ಅಪರೂಪ. ಸ್ವತಂತ್ರ ಭಾರತದ 1952ರ ನೀತಿಯೂ ಅದೇ ಜಾಡಿನಲ್ಲಿ ನಡೆಯಿತು. ಹಳ್ಳಿಯ ಅಗತ್ಯಕ್ಕಿಂತ ರಾಷ್ಟ್ರದ ಅಗತ್ಯ ದೊಡ್ಡದು ಎಂದು ಅದು ಬಿಡಿಸಿ ಹೇಳಿತು.

ಕನ್ನಡ ನಾಡಿನ ಮಟ್ಟಿಗೆ ಈ ಚರಿತ್ರೆ ಒಂದೇ ನೂಲಿನದಲ್ಲ. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತದ ಉತ್ತರ ಕನ್ನಡ, ಮದರಾಸಿನ ದಕ್ಷಿಣ ಕನ್ನಡ, ಪ್ರತ್ಯೇಕ ಪ್ರಾಂತವಾಗಿದ್ದ ಕೊಡಗು, ನಿಜಾಮರ ಸೀಮೆ: ಒಂದೊಂದರಲ್ಲೂ ಒಂದೊಂದು ವ್ಯವಸ್ಥೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನಬೆಟ್ಟ. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಸುತ್ತ ನೂರು ಗಜದ ಕುಮ್ಕಿ. ಕೊಡಗಿನಲ್ಲಿ ಗದ್ದೆಗೆ ಅಂಟಿದ ಬಾಣೆ ಮತ್ತು ಊರೂರಿನ ದೇವರಕಾಡು. ಸೊರಬ, ಸಾಗರದಲ್ಲಿ ಕಾನು. ಇವು ಬರೀ ಹೆಸರುಗಳಲ್ಲ, ಬೇಸಾಯಕ್ಕೂ ಕಾಡಿಗೂ ನಡುವಿನ ಒಪ್ಪಂದಗಳು. ಅವುಗಳಲ್ಲಿ ಸೊಪ್ಪಿನಬೆಟ್ಟದ ಕತೆ ನನ್ನ ವಾದಕ್ಕೆ ಮುಖ್ಯ. ಬೆಟ್ಟದ ಹಿಡುವಳಿದಾರ ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ದನ ಮೇಯಿಸಬಹುದು. ಮರ ಮಾತ್ರ ಸರ್ಕಾರದ್ದು. ಇವತ್ತು ಆ ಸೀಮೆಯಲ್ಲಿ ನಡೆದಾಡಿದರೆ ಕೆಲವು ಬೆಟ್ಟಗಳು ದಟ್ಟ ಕಾಡಿನಂತಿವೆ, ಕೆಲವು ಮೊಟಕು ಮರಗಳ ಬೋಳುಗುಡ್ಡಗಳಾಗಿವೆ. ರೈತರ ಕೈಗೆ ಕೊಟ್ಟರೆ ಕಾಡು ಹಾಳು ಎನ್ನುವವರು ಬೋಳುಗುಡ್ಡ ತೋರಿಸುತ್ತಾರೆ. ಆದರೆ ಅವರ ಕೈಗೆ ಕೊಟ್ಟದ್ದು ಅರ್ಧ ಹಕ್ಕು. ಎಲೆ ನನ್ನದು, ಕಾಂಡ ಸರ್ಕಾರದ್ದು ಎಂದಾದಾಗ ಎಲೆಗಾಗಿ ಮರವನ್ನು ಸವರುವುದರಲ್ಲಿ ಲಾಭವಿದೆ, ಹೊಸ ಮರ ಬೆಳೆಸುವುದರಲ್ಲಿ ಏನೂ ಇಲ್ಲ. ಅಂಥ ಏರ್ಪಾಡಿನಲ್ಲೂ ಅಷ್ಟು ಬೆಟ್ಟಗಳು ಹಸಿರಾಗಿ ಉಳಿದಿವೆ ಎಂಬುದೇ ನನಗೆ ಹೆಚ್ಚು ಗಮನಾರ್ಹವೆನಿಸುತ್ತದೆ.

ಸೊಪ್ಪಿನಬೆಟ್ಟಗಳಿರುವ ಉತ್ತರ ಕನ್ನಡದ ಕರಾವಳಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಅಲ್ಲಿನ ಹಳ್ಳಿಗರ ಅಸಮಾಧಾನ ಎಷ್ಟು ಬೆಳೆದಿತ್ತೆಂದರೆ, ಮುಂಬಯಿ ಸರ್ಕಾರ ಕಾಲಿನ್ಸ್ ಎಂಬ ಅಧಿಕಾರಿಯನ್ನು ವಿಚಾರಣೆಗೆ ನೇಮಿಸಬೇಕಾಯಿತು. ಮುಂದೆ ಕುಮಟಾ ಭಾಗದ ಹಳಕಾರ, ಮೂರೂರು-ಕಲ್ಲಬ್ಬೆಯಂಥ ಊರುಗಳಲ್ಲಿ ಗ್ರಾಮ ಅರಣ್ಯ ಪಂಚಾಯಿತಿಗಳು ಹುಟ್ಟಿದವು. ಊರವರೇ ಕಾವಲುಗಾರನನ್ನು ಇಟ್ಟುಕೊಂಡರು, ಸೌದೆಗೂ ಸೊಪ್ಪಿಗೂ ದರ ಮತ್ತು ಕಾಲ ಗೊತ್ತುಮಾಡಿದರು, ತಪ್ಪಿದವರಿಗೆ ದಂಡ ಹಾಕಿದರು. 1979ರಲ್ಲಿ, ರಾಜ್ಯದ ಹೊಸ ಕಾಯ್ದೆಗೆ ಇವು ಹೊಂದುವುದಿಲ್ಲವೆಂದು ಕರ್ನಾಟಕ ಸರ್ಕಾರ ಈ ಪಂಚಾಯಿತಿಗಳನ್ನು ರದ್ದುಮಾಡಲು ಹೊರಟಿತು. ಹಳಕಾರದವರು ನ್ಯಾಯಾಲಯದ ಮೆಟ್ಟಿಲೇರಿ ತಮ್ಮ ಕಾಡನ್ನು ಉಳಿಸಿಕೊಂಡರು. ಊರಿಗೆ ಹತ್ತಿಕೊಂಡೇ, ಜನಸಂದಣಿಯ ಕರಾವಳಿಯಲ್ಲಿ ಆ ಕಾಡು ಇಂದಿಗೂ ನಿಂತಿದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಡು ಕಾದವರು, ಅದನ್ನು ಮುಂದೆಯೂ ಕಾಯಲು ಬಿಡಿ ಎಂದು ಸರ್ಕಾರದ ವಿರುದ್ಧವೇ ದಾವೆ ಹೂಡಬೇಕಾಯಿತು ಎಂಬುದನ್ನು ನೀತಿ ರೂಪಿಸುವವರು ಮರೆಯಬಾರದು.

ಸ್ವಾತಂತ್ರ್ಯಾನಂತರದ ಮೂರು ದಶಕ ಕೈಗಾರಿಕೆಯ ಕಾಲ. ದಾಂಡೇಲಿಯ ಕಾಗದ ಕಾರ್ಖಾನೆಗೂ ಪ್ಲೈವುಡ್ ಕಾರ್ಖಾನೆಗೂ ಕಾಳಿ ಕಣಿವೆಯ ಕಾಡಿನಿಂದ ಕಚ್ಚಾವಸ್ತು ಹರಿಯಿತು. 1970ರ ದಶಕದ ನಡುವಿನಲ್ಲಿ ಬಿದಿರು ಬರಿದಾಗುತ್ತಿದೆ ಎಂಬ ದೂರು ಬಂದಾಗ ರಾಜ್ಯ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಅಧ್ಯಯನ ಒಪ್ಪಿಸಿತು. ಆಗ ಕಂಡ ಎರಡು ಸಂಗತಿಗಳು ಅರಣ್ಯ ನೀತಿಯ ಚರ್ಚೆಯಲ್ಲಿ ಪಠ್ಯವಾಗಬೇಕಾದಂಥವು. ಮೊದಲನೆಯದು ಬೆಲೆ. ಕಾರ್ಖಾನೆಗೆ ಬಿದಿರು ಸಿಗುತ್ತಿದ್ದದ್ದು ಟನ್ನಿಗೆ ಒಂದೂವರೆ ರೂಪಾಯಿಯಂಥ ನಾಮಮಾತ್ರ ದರಕ್ಕೆ. ಬುಟ್ಟಿ ಹೆಣೆದು ಬದುಕುವ ಮೇದಾರರು ಅದಕ್ಕಿಂತ ನೂರಾರು ಪಟ್ಟು ಬೆಲೆಯನ್ನು ಪೇಟೆಯಲ್ಲಿ ತೆರಬೇಕಿತ್ತು. ಇಷ್ಟು ಅಗ್ಗವಾಗಿ ಸಿಕ್ಕ ವಸ್ತುವನ್ನು ನಾಳೆಗೆ ಉಳಿಸಿಕೊಳ್ಳುವ ಗರಜು ಕಾರ್ಖಾನೆಗೆ ಇರಲಿಲ್ಲ. ಒಂದು ಕಣಿವೆ ಮುಗಿದರೆ ಇನ್ನೊಂದು. ಎರಡನೆಯದು ತಿಳಿವಳಿಕೆ. ಬಿದಿರ ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆದರೆ ಮೆಳೆ ಒತ್ತಡವಿಲ್ಲದೆ ಬೆಳೆಯುತ್ತದೆ ಎಂದು ಇಲಾಖೆಯ ಪದ್ಧತಿ ಹೇಳುತ್ತಿತ್ತು. ಮುಳ್ಳು ಹೋದ ಮೆಳೆಯ ಎಳೆ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಬಿಡುತ್ತವೆ ಎಂದು ಹಳ್ಳಿಗರು ಹೇಳುತ್ತಿದ್ದರು. ಅಳತೆ ಮಾಡಿ ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ವಿಜ್ಞಾನದ ಹೆಸರಿನಲ್ಲಿ ನಡೆಯುತ್ತಿದ್ದ ನಿರ್ವಹಣೆಯನ್ನು ಯಾರೂ ಪರೀಕ್ಷೆಗೆ ಒಡ್ಡಿರಲಿಲ್ಲ. ಪರೀಕ್ಷಿಸಬಲ್ಲವರ ಮಾತಿಗೆ ಕಡತದಲ್ಲಿ ಜಾಗವಿರಲಿಲ್ಲ.

1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ ಒಂದು ಸೂತ್ರ ಕೊಟ್ಟಿತು: ಸರ್ಕಾರಿ ಕಾಡು ಕೈಗಾರಿಕೆಗೆ ಬೆಳೆಯಲಿ, ಹಳ್ಳಿಯ ಸೌದೆ ಮೇವುಗಳನ್ನು ಹಳ್ಳಿಗರು ಗೋಮಾಳದಲ್ಲಿ, ಹೊಲದ ಬದುವಿನಲ್ಲಿ, ರಸ್ತೆ ಬದಿಯಲ್ಲಿ ಬೆಳೆದುಕೊಳ್ಳಲಿ. ಸಾಮಾಜಿಕ ಅರಣ್ಯ ಎಂದು ಹೆಸರಾದ ಈ ಯೋಜನೆಗೆ 1980ರ ದಶಕದಲ್ಲಿ ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವೂ ಸಿಕ್ಕಿತು. ನೆಡಲಾದದ್ದು ಬಹುಪಾಲು ನೀಲಗಿರಿ. ಕೋಲಾರ ಮತ್ತು ಬೆಂಗಳೂರು ಸುತ್ತಿನ ರಾಗಿ ಹೊಲಗಳಿಗೆ ಅದು ನುಗ್ಗಿತು. ಕೂಲಿಯಾಳಿನ ತಾಪತ್ರಯವಿಲ್ಲ, ದನ ತಿನ್ನುವುದಿಲ್ಲ, ಕಾರ್ಖಾನೆ ಕೊಳ್ಳುತ್ತದೆ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ ಮಾವು ಬಿತ್ತಿದರು. 1984ರಲ್ಲಿ ಸರ್ಕಾರ ಒಂದು ಖಾಸಗಿ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಅದಕ್ಕೆ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಜಮೀನು ಕೊಡಲು ನಿರ್ಧರಿಸಿತು. ಕಡತದಲ್ಲಿ ಪಾಳು ಎಂದಿದ್ದ ಆ ನೆಲ ಹಳ್ಳಿಗರಿಗೆ ಹುಲ್ಲು, ಸೌದೆ, ದನದ ದಾರಿ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಿತು. ಇದಕ್ಕೂ ಮುಂಚೆ, 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಸುತ್ತಿನ ಯುವಕರು, ಹೆಂಗಸರು ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತಿದ್ದರು. ಅಪ್ಪಿಕೋ ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಮುಂದಿನ ದಶಕಗಳ ನೀತಿ ಇದರಲ್ಲಿ ಮೊದಲ ಪದವನ್ನು ಕೈಗೆತ್ತಿಕೊಂಡಿತು, ಎರಡನೆಯದನ್ನು ಇಲಾಖೆಯ ಲೆಕ್ಕಕ್ಕೆ ಸೇರಿಸಿಕೊಂಡಿತು, ಮೂರನೆಯದನ್ನು ಕೈಬಿಟ್ಟಿತು.

ಉಳಿಸುವ ಕೆಲಸ ಸಣ್ಣದೇನಲ್ಲ. 1976ರ ಸಂವಿಧಾನ ತಿದ್ದುಪಡಿಯಲ್ಲಿ ಅರಣ್ಯ ಸಮವರ್ತಿ ಪಟ್ಟಿಗೆ ಬಂತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕೇಂದ್ರದ ಒಪ್ಪಿಗೆಯಿಲ್ಲದೆ ಕಾಡನ್ನು ಬೇರೆ ಬಳಕೆಗೆ ಕೊಡುವುದನ್ನು ತಡೆಯಿತು. 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲಕ್ಕೂ ಆ ಕಾಯ್ದೆಯನ್ನು ಅನ್ವಯಿಸಿತು. ಈ ಮೂರೂ ಇಲ್ಲದಿದ್ದರೆ ಪಶ್ಚಿಮ ಘಟ್ಟದ ಎಷ್ಟು ಭಾಗ ಗಣಿ, ಅಣೆಕಟ್ಟು, ಬಡಾವಣೆಗಳ ಪಾಲಾಗುತ್ತಿತ್ತೋ. ಬಳಕೆಯನ್ನು ತಿರುಗಿ ತರಬೇಕೆನ್ನುವ ನನ್ನ ವಾದ ಈ ತಡೆಗೋಡೆಯನ್ನು ಸಡಿಲಿಸಬೇಕೆನ್ನುವ ವಾದವಲ್ಲ. ಕಾಡನ್ನು ಕಾಡಲ್ಲದ ಬಳಕೆಗೆ ಕೊಡುವುದು ಬೇರೆ, ಕಾಡಾಗಿಯೇ ಉಳಿಸಿಕೊಂಡು ಅದರಿಂದ ಬದುಕುವುದು ಬೇರೆ. ಮೊದಲನೆಯದಕ್ಕೆ ಇನ್ನೂ ಬಿಗಿಯಾದ ಕಾವಲು ಬೇಕು. ವಿಷಾದವೆಂದರೆ, ದೊಡ್ಡ ಯೋಜನೆಗೆ ನೂರಾರು ಹೆಕ್ಟೇರ್ ಬಿಟ್ಟುಕೊಟ್ಟು ಪರಿಹಾರದ ಹಣ ಕಟ್ಟಿಸಿಕೊಳ್ಳುವ ದಾರಿ ಸಲೀಸಾಗಿದೆ. ಒಂದು ಹಳ್ಳಿ ತನ್ನ ಬೆಟ್ಟದ ಬಿದಿರನ್ನು ನಿಯಮಬದ್ಧವಾಗಿ ಕಡಿದು ಮಾರುವ ದಾರಿ ಕಲ್ಲುಮುಳ್ಳಿನದು.

1988ರ ರಾಷ್ಟ್ರೀಯ ಅರಣ್ಯ ನೀತಿ ಹಳೆಯ ಸೂತ್ರವನ್ನು ತಲೆಕೆಳಗು ಮಾಡಿತು. ಸರ್ಕಾರಿ ಕಾಡಿನ ಮೊದಲ ಉದ್ದೇಶ ಪರಿಸರದ ಸಮತೋಲ, ಅದರ ಉತ್ಪನ್ನದ ಮೇಲೆ ಮೊದಲ ಅಧಿಕಾರ ಕಾಡಿನಲ್ಲಿ ಮತ್ತು ಕಾಡಂಚಿನಲ್ಲಿ ಬದುಕುವವರದು, ಕೈಗಾರಿಕೆ ತನ್ನ ಮರವನ್ನು ರೈತರಿಂದ ಬೆಳೆಸಿಕೊಳ್ಳಲಿ ಎಂದಿತು. ಮಾತು ಸರಿಯಾಗಿತ್ತು. ಅದನ್ನು ಜಾರಿಗೆ ತರಲು ಬಂದದ್ದು ಹಳ್ಳಿಯ ಸಮಿತಿಯೂ ಅರಣ್ಯ ಇಲಾಖೆಯೂ ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ಯೋಜನೆ. ಕರ್ನಾಟಕದ ಆದೇಶ ಹೊರಬಿದ್ದದ್ದು 1993ರ ಏಪ್ರಿಲ್‌ನಲ್ಲಿ. ಬ್ರಿಟನ್ನಿನ ನೆರವಿನ ಪಶ್ಚಿಮ ಘಟ್ಟ ಯೋಜನೆ, ಆಮೇಲೆ ಜಪಾನಿನ ನೆರವಿನ ಯೋಜನೆಗಳ ಕಾಲದಲ್ಲಿ ಸಾವಿರಾರು ಗ್ರಾಮ ಅರಣ್ಯ ಸಮಿತಿಗಳು ಕಾಗದದ ಮೇಲೆ ಹುಟ್ಟಿದವು. ಆದರೆ ಮೂಲ ಆದೇಶ ಸಮಿತಿಗಳಿಗೆ ಕೊಟ್ಟದ್ದು ಬಹುತೇಕ ಬೋಳಾದ ಕಾಡನ್ನು ಮಾತ್ರ, ಮೇಲ್ಛಾವಣಿ ಶೇ 25ಕ್ಕಿಂತ ಕಡಿಮೆ ಇರುವಂಥದ್ದನ್ನು. ಚೆನ್ನಾಗಿರುವ ಕಾಡಿನಲ್ಲಿ ಪಾಲುದಾರಿಕೆ ಇಲ್ಲ, ಹಾಳಾದದ್ದರಲ್ಲಿ ಮಾತ್ರ ಉಂಟು. ನೆಟ್ಟದ್ದು ಹೆಚ್ಚಾಗಿ ಅಕೇಶಿಯಾ. ಅದರ ಎಲೆಯನ್ನು ದನ ತಿನ್ನುವುದಿಲ್ಲ, ಅಡಿಯಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಸಮಿತಿಯ ಕಾರ್ಯದರ್ಶಿ ಅರಣ್ಯಾಧಿಕಾರಿಯೇ. ಸಮಿತಿಯನ್ನು ಕಟ್ಟುವುದೂ ಬರಖಾಸ್ತು ಮಾಡುವುದೂ ಇಲಾಖೆಯ ಕೈಯಲ್ಲಿತ್ತು. ವಿದೇಶಿ ಹಣ ನಿಂತ ಮೇಲೆ ಎಷ್ಟೋ ಸಮಿತಿಗಳು ಸಭೆ ಸೇರುವುದನ್ನೇ ಬಿಟ್ಟವು. ಹಳಕಾರದ ಪಂಚಾಯಿತಿಗೂ ಇವುಗಳಿಗೂ ಇದ್ದ ವ್ಯತ್ಯಾಸ ಜನರ ಗುಣದಲ್ಲಿರಲಿಲ್ಲ. ಒಂದಕ್ಕೆ ಅಧಿಕಾರವಿತ್ತು, ಇನ್ನೊಂದಕ್ಕೆ ಕೆಲಸ ಮಾತ್ರವಿತ್ತು.

2006ರ ಅರಣ್ಯ ಹಕ್ಕು ಕಾಯ್ದೆ ಈ ಕೊರತೆಯನ್ನು ತುಂಬಬಹುದಾಗಿತ್ತು. ಸಮುದಾಯದ ಅರಣ್ಯ ಸಂಪನ್ಮೂಲದ ಮೇಲೆ ಗ್ರಾಮಸಭೆಗೆ ಕಾಯುವ, ನಿರ್ವಹಿಸುವ ಹಕ್ಕನ್ನೇ ಅದು ಒಪ್ಪಿಕೊಂಡಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು; ದೇಶದ ಹುಲಿ ಮೀಸಲು ಪ್ರದೇಶಗಳಲ್ಲಿ ಅದು ಮೊದಲನೆಯದು. ಬಿದಿರಿನ ಕತೆಯನ್ನು ನೆನಪಿಸುವ ಒಂದು ಸಂಗತಿ ಅಲ್ಲಿಯೂ ಇದೆ. ಬೇಸಿಗೆಯ ಮೊದಲಲ್ಲಿ ಹಾಕುವ ಸಣ್ಣ ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಬಹುಕಾಲದಿಂದ ಹೇಳುತ್ತಿದ್ದಾರೆ. ಪರಿಸರ ವಿಜ್ಞಾನಿಗಳು ಈ ವಾದವನ್ನು ಗಂಭೀರವಾಗಿ ಪರಿಶೀಲಿಸತೊಡಗಿದ್ದು ತಡವಾಗಿ. ರಾಜ್ಯದ ಉಳಿದ ಕಡೆ ಕಾಯ್ದೆಯ ಗತಿ ಬೇರೆ. ಸಲ್ಲಿಕೆಯಾದ ಸುಮಾರು 2.9 ಲಕ್ಷ ಅರ್ಜಿಗಳಲ್ಲಿ ಹಕ್ಕುಪತ್ರ ದಕ್ಕಿದ್ದು ಸುಮಾರು 16 ಸಾವಿರಕ್ಕೆ. ಬುಡಕಟ್ಟಿನವರಲ್ಲದವರು ಎಪ್ಪತ್ತೈದು ವರ್ಷದ ವಾಸ ಮತ್ತು ಅವಲಂಬನೆಯನ್ನು ತೋರಿಸಬೇಕೆಂಬ ಷರತ್ತು ಇದಕ್ಕೆ ಒಂದು ಕಾರಣ. ಒತ್ತುವರಿಯ ಸಕ್ರಮ ಎಂಬ ಕಣ್ಣಿನಿಂದಲೇ ರಾಜಕಾರಣಿಗಳೂ ಅಧಿಕಾರಿಗಳೂ ಕಾಯ್ದೆಯನ್ನು ನೋಡಿದ್ದು ಇನ್ನೂ ದೊಡ್ಡ ಕಾರಣ. ತುಂಡು ಜಮೀನಿನ ಅರ್ಜಿಗಳ ಗದ್ದಲದಲ್ಲಿ ಸಮುದಾಯ ಅರಣ್ಯ ಎಂಬ ಮುಖ್ಯ ಅಧ್ಯಾಯ ಮೂಲೆಗೆ ಸರಿಯಿತು.

ಈಗ ಖಾಸಗಿ ಜಮೀನಿಗೆ ಬರೋಣ. ದೇಶದ ಮರದ ಪೂರೈಕೆಯಲ್ಲಿ ಅದರ ಪಾಲು ಎಷ್ಟೆಂಬುದನ್ನು ನಾವು ಸಾಮಾನ್ಯವಾಗಿ ಊಹಿಸುವುದೇ ಇಲ್ಲ. ಭಾರತೀಯ ಅರಣ್ಯ ಸಮೀಕ್ಷೆಯ 2011ರ ವರದಿಯ ಅಂದಾಜಿನಂತೆ ಸರ್ಕಾರಿ ಕಾಡುಗಳಿಂದ ವರ್ಷಕ್ಕೆ ಸುಮಾರು 32 ಲಕ್ಷ ಘನ ಮೀಟರ್ ಮರ ಬಂದರೆ, ಕಾಡಿನ ಹೊರಗಿನ ಜಮೀನುಗಳಿಂದ ಬರುವುದು ಸುಮಾರು 4 ಕೋಟಿ 27 ಲಕ್ಷ ಘನ ಮೀಟರ್. ಅಂದರೆ ದೇಶದ ಬಾಗಿಲು, ಮಂಚ, ಕಾಗದಗಳು ಬಹುಪಾಲು ಈಗಾಗಲೇ ರೈತನ ಹೊಲದಿಂದ ಬರುತ್ತಿವೆ. ಹೀಗಿದ್ದೂ ನಮ್ಮ ಕಾನೂನು ಹೊಲದ ಮರವನ್ನು ಕಾಡಿನ ಮರದ ಹಾಗೆ, ಅಂದರೆ ಕದಿಯಬಹುದಾದ ಸರ್ಕಾರಿ ಸೊತ್ತಿನ ಹಾಗೆ, ಕಾಣುತ್ತ ಬಂತು.

ಶ್ರೀಗಂಧದಷ್ಟು ಸ್ಪಷ್ಟವಾಗಿ ಇದರ ಫಲವನ್ನು ಇನ್ನಾವುದೂ ತೋರಿಸುವುದಿಲ್ಲ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ. ಒಡೆಯರ ಕಾಲದಲ್ಲೂ, ಗಣರಾಜ್ಯದಲ್ಲೂ ಅದೇ ಮುಂದುವರಿಯಿತು. ಗಂಧ ಬೇರೆ ಗಿಡಗಳ ಬೇರಿಗೆ ತನ್ನ ಬೇರು ಹೆಣೆದು ಬದುಕುವ ಅರೆಪರಾವಲಂಬಿ ಮರ. ಹೀಗಾಗಿ ಅದಕ್ಕೆ ಒಗ್ಗುವುದು ಬೇಲಿಸಾಲು, ಹೊಲದ ಬದು, ಮೈದಾನದ ಕುರುಚಲು. ರೈತನ ಅಂಗಳವೇ ಅದರ ಸಹಜ ನೆಲೆ. ಆ ರೈತನಿಗೆ ಕಾನೂನು ಹೇಳಿದ್ದು ಏನು? ನಿನ್ನ ಬೇಲಿಯಲ್ಲಿ ಹುಟ್ಟಿದ ಗಂಧ ಸರ್ಕಾರದ್ದು, ಅದನ್ನು ಕಾಯುವ ಹೊಣೆ ನಿನ್ನದು, ಕಳುವಾದರೆ ಉತ್ತರ ಕೊಡಬೇಕಾದವನೂ ನೀನೇ. ಮರದ ಬೆಲೆಯಲ್ಲಿ ಬೋನಸ್ ಎಂದು ಒಂದು ಪಾಲು ಸಿಗುತ್ತಿತ್ತು, ಆದರೆ ಆ ಮೊತ್ತಕ್ಕಾಗಿ ಪೊಲೀಸು, ಕಳ್ಳ, ಇಲಾಖೆ ಮೂವರನ್ನೂ ಮನೆಬಾಗಿಲಿಗೆ ಕರೆದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಸಸಿಯನ್ನು ಕಿತ್ತೆಸೆಯುವುದೇ ಜಾಣತನವಾಯಿತು. 1950ರ ದಶಕದಲ್ಲಿ ವರ್ಷಕ್ಕೆ ಸುಮಾರು 4,000 ಟನ್ನಿನಷ್ಟಿದ್ದ ದೇಶದ ಉತ್ಪಾದನೆ ಈ ಶತಮಾನದ ಮೊದಲ ದಶಕದ ಕೊನೆಗೆ ಕೆಲವು ನೂರು ಟನ್ನಿಗೆ ಕುಸಿಯಿತು. ಕುಸಿತಕ್ಕೆ ಸ್ಪೈಕ್ ರೋಗವೂ ಕಾರಣ, ಸಂಘಟಿತ ಕಳ್ಳಸಾಗಣೆಯೂ ಕಾರಣ. ಆದರೆ ರೋಗ 1899ರಲ್ಲೇ ಕೊಡಗಿನಲ್ಲಿ ಕಂಡಿತ್ತು. ಕಳ್ಳತನವಾದರೂ ಬೆಳೆದದ್ದು ಪೂರೈಕೆ ಬತ್ತಿ ಬೆಲೆ ಏರಿದ ಮೇಲೆ. ಹೊಸ ಸಸಿ ಏಳದಂತೆ ಮಾಡಿದ್ದು ಕಾನೂನೇ. 2001ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ ಮರದ ಒಡೆತನವನ್ನು ಜಮೀನಿನವರಿಗೆ ಕೊಟ್ಟಿತು, ಮಾರಾಟವನ್ನು ಮಾತ್ರ ಸರ್ಕಾರಿ ಸಂಸ್ಥೆಗಳಿಗೆ ಕಟ್ಟಿಹಾಕಿತು. ಮುಕ್ತ ಮಾರಾಟಕ್ಕೆ ದಾರಿ ತೆರೆಯುವ ಶ್ರೀಗಂಧ ನೀತಿ ಬಂದದ್ದು 2022ರಲ್ಲಿ. ಇಪ್ಪತ್ತೊಂದು ವರ್ಷದ ಈ ಅಂತರದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆರ್ಡ್ ನದಿ ಬಯಲಿನಲ್ಲಿ ನಮ್ಮದೇ ತಳಿಯ ಗಂಧದ ವಿಶಾಲ ತೋಟಗಳು ಬೆಳೆದು ಜಗತ್ತಿನ ಮಾರುಕಟ್ಟೆಗೆ ಬಂದವು. ಆದರೂ 2001ರ ನಂತರ ಇಲ್ಲಿನ ಬಯಲುಸೀಮೆಯ ರೈತರು ಗಂಧ ನೆಡಲು ಶುರುಮಾಡಿದ್ದು ನನ್ನ ವಾದಕ್ಕೆ ಸಿಗುವ ಅತ್ಯಂತ ಗಟ್ಟಿ ಪುರಾವೆ. ಮಣ್ಣು, ಮಳೆ, ರೋಗ ಯಾವುದೂ ಬದಲಾಗಿರಲಿಲ್ಲ, ಕಾಯ್ದೆಯ ಒಂದು ಕಲಮು ಬದಲಾಗಿತ್ತು.

ಇದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಬಲವಾದದ್ದು ಕೇರಳದಿಂದ ಬರುತ್ತದೆ. ಪಟ್ಟಾ ಜಮೀನಿನ ಮರಗಳನ್ನು ಕಡಿಯಲು ರೈತರಿಗೆ ಅನುಕೂಲ ಮಾಡಿಕೊಡುವ ಆದೇಶವೊಂದನ್ನು ಅಲ್ಲಿನ ಕಂದಾಯ ಇಲಾಖೆ 2020ರ ಅಕ್ಟೋಬರಿನಲ್ಲಿ ಹೊರಡಿಸಿತು. ಕೆಲವೇ ತಿಂಗಳಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ಶತಮಾನದಷ್ಟು ಹಳೆಯ ಬೀಟೆ ಮರಗಳು ಉರುಳಿದವು, ಆದೇಶ ಹಿಂದಕ್ಕೆ ಹೋಯಿತು. ನಿಯಮ ಸಡಿಲಿಸಿದರೆ ದಲ್ಲಾಳಿಗಳು ಗೆಲ್ಲುತ್ತಾರೆ, ಸರ್ಕಾರಿ ಕಾಡಿನ ಮರ ಖಾಸಗಿ ಮರದ ವೇಷದಲ್ಲಿ ಹೊರಬೀಳುತ್ತದೆ ಎಂಬ ಅರಣ್ಯಾಧಿಕಾರಿಗಳ ಭಯ ಸುಳ್ಳಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅಲ್ಲಿ ಆದದ್ದು ಏನೆಂದು ಹತ್ತಿರದಿಂದ ನೋಡಬೇಕು. ರೈತ ನೆಟ್ಟು ಬೆಳೆಸುವ ಮರ, ರೈತ ಬರುವ ಮುಂಚೆಯೇ ನಿಂತಿದ್ದ ಮರ, ಎರಡನ್ನೂ ಒಂದೇ ವಾಕ್ಯದಲ್ಲಿ ಬಿಟ್ಟುಕೊಟ್ಟ ಆದೇಶ ಅದು. ಯಾವ ಜಮೀನಿನಲ್ಲಿ ಯಾವ ಮರ ಎಷ್ಟಿದೆ ಎಂಬ ಪಟ್ಟಿ ಮೊದಲೇ ಇರಲಿಲ್ಲ. ದಾರಿ ಇರುವುದು ಆ ಪಟ್ಟಿಯಲ್ಲಿ. ಇಂದು ನಿಂತಿರುವ ದೊಡ್ಡ ನಾಡಮರಗಳನ್ನು ಒಮ್ಮೆ ಎಣಿಸಿ, ಜಾಗ ಗುರುತಿಸಿ, ಅವುಗಳಿಗೆ ಈಗಿನ ಕಟ್ಟುಪಾಡನ್ನೇ ಉಳಿಸಬಹುದು. ಒಂದು ಗೊತ್ತಾದ ದಿನದಿಂದ ಮುಂದೆ ನೆಟ್ಟ ಅಥವಾ ತಾನಾಗಿ ಎದ್ದ ಮರಗಳನ್ನು ಪಹಣಿಯಲ್ಲಿ ದಾಖಲಿಸಿದರೆ, ಅವು ಯಾವ ಜಾತಿಯದ್ದಾದರೂ ಬೆಳೆದವರ ಸೊತ್ತು ಎಂದು ಕಾಯ್ದೆ ಹೇಳಬೇಕು. ಗಂಧ ಬೆಳೆಯುವವರಿಗೆ ಪಹಣಿಯ ನಮೂದು ಈಗಾಗಲೇ ಗೊತ್ತಿರುವ ಕ್ರಮ. ಹೊನ್ನೆಗೂ ಬೀಟೆಗೂ ಅದನ್ನು ಹಿಗ್ಗಿಸಲು ಹೊಸ ಇಲಾಖೆ ಬೇಕಿಲ್ಲ. ಕೊಡಗಿನಲ್ಲಿ ಮಾತ್ರ ಇದರ ಜೊತೆಗೆ ಹಿಡುವಳಿಯ ಹಳೆಯ ತೊಡಕೂ ಬಗೆಹರಿಯಬೇಕು. ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದ ಜಮೀನಿನಲ್ಲಿ ಮರದ ಮೇಲೆ ಸರ್ಕಾರದ ಹಕ್ಕು ಉಳಿದಿರುವವರೆಗೂ ಅಲ್ಲಿನ ಬೆಳೆಗಾರ ನಾಡಮರದ ಸಸಿಯನ್ನು ಏಕೆ ಉಳಿಸಿಯಾನು?

ಎರಡನೆಯ ಆಕ್ಷೇಪ ಪರಿಸರವಾದಿಗಳದ್ದು. ಸ್ವಾತಂತ್ರ್ಯ ಕೊಟ್ಟಾಗ ರೈತ ಬೆಳೆದದ್ದು ನೀಲಗಿರಿಯನ್ನಲ್ಲವೇ, ಕೊನೆಗೆ 2017ರಲ್ಲಿ ಸರ್ಕಾರವೇ ಅದನ್ನು ನೆಡುವುದನ್ನು ನಿಷೇಧಿಸಬೇಕಾಗಲಿಲ್ಲವೇ ಎಂದು ಅವರು ಕೇಳುತ್ತಾರೆ. ಅಂತರ್ಜಲದ ಬಗ್ಗೆ ಅವರ ಕಳಕಳಿ ನನ್ನದೂ ಹೌದು. ಆದರೆ ಆ ಸ್ವಾತಂತ್ರ್ಯ ಏಕಪಕ್ಷೀಯವಾಗಿತ್ತು. ನೀಲಗಿರಿ, ಸಿಲ್ವರ್ ಓಕ್, ಗಾಳಿಮರ, ಸುಬಾಬುಲ್‌ಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ. 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ಉಳಿದ ಬಹುತೇಕ ಮರಗಳಿಗೆ ಅರ್ಜಿ. ಸರ್ಕಾರವೇ ತಕ್ಕಡಿಯ ಒಂದು ತಟ್ಟೆಯನ್ನು ಒತ್ತಿಹಿಡಿದು, ರೈತ ತಪ್ಪು ಆರಿಸಿದ ಎನ್ನುವುದು ಸರಿಯಲ್ಲ. ತಟ್ಟೆ ಸಮನಾದ ಮೇಲೂ ಬೇಗ ಬೆಳೆಯುವ ಮರವೇ ಗೆಲ್ಲಬಹುದು, ನಿಜ. ಹೊನ್ನೆ ಕೈಗೆ ಬರಲು ಒಂದು ತಲೆಮಾರೇ ಬೇಕು. ಮಗಳ ಮದುವೆ, ಮಗನ ಓದು ಅಷ್ಟು ಕಾಯುವುದಿಲ್ಲ. ಆ ಅಂತರ ತುಂಬಬೇಕಾದದ್ದು ಸಾರ್ವಜನಿಕ ಹಣ. ಅದರ ಬೀಜ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇದೆ. 2011ರಲ್ಲಿ ಶುರುವಾದ ಈ ಯೋಜನೆ ರೈತನಿಗೆ ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ ಹಣ ಕೊಡುತ್ತದೆ. ಮೂರು ವರ್ಷಗಳಲ್ಲಿ ಕಂತಿನ ಮೇಲೆ ಗಿಡವೊಂದಕ್ಕೆ ಒಟ್ಟು 125 ರೂಪಾಯಿಯವರೆಗೆ ಅದು ಏರಿದೆ. ನಿಧಾನ ಬೆಳೆಯುವ ನಾಡಮರಗಳಿಗೆ ಈ ಕಂತು ಮೂರು ವರ್ಷಕ್ಕೆ ನಿಲ್ಲದೆ ಹದಿನೈದು ಇಪ್ಪತ್ತು ವರ್ಷ ಸಾಗಬೇಕು. ಕಾಡು ಕಳೆದ ಯೋಜನೆಗಳಿಂದ ಪರಿಹಾರ ಅರಣ್ಯೀಕರಣ ನಿಧಿಗೆ ಬರುವ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ತೋರುವುದಿಲ್ಲ. ಈಗಿನ ನಿಯಮ ಅದಕ್ಕೆ ಅಡ್ಡ ಬಂದರೆ ತಿದ್ದಬೇಕಾದದ್ದು ನಿಯಮವನ್ನು.

ಮೂರನೆಯ ಆಕ್ಷೇಪ ಸರ್ಕಾರಿ ಕಾಡಿಗೆ ಸಂಬಂಧಿಸಿದ್ದು: ಇಷ್ಟು ಜನಸಂಖ್ಯೆಯ ರಾಜ್ಯದಲ್ಲಿ, ಒಟ್ಟು ಭೂಪ್ರದೇಶದ ಐದನೆಯ ಒಂದು ಭಾಗ ಮಾತ್ರ ಕಾಡಿರುವಾಗ, ಹಳ್ಳಿಗಳಿಗೆ ಅಧಿಕಾರ ಕೊಟ್ಟರೆ ಉಳಿದದ್ದೂ ಹೋಗುತ್ತದೆ. ಎಲ್ಲ ಹಳ್ಳಿಯೂ ಹಳಕಾರವಾಗುವುದಿಲ್ಲ. ಒಗ್ಗಟ್ಟಿಲ್ಲದ, ಜಾತಿಯ ಬಿರುಕಿರುವ, ಹೊರಗಿನ ಹಣ ಆಳುವ ಊರುಗಳಿವೆ. ಹುಲಿ, ಸಿಂಗಳೀಕಗಳ ಒಳಗಾಡಿನಲ್ಲಿ ಕಡಿತಕ್ಕೆ ಜಾಗವೇ ಇಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ನಮ್ಮ ಕಾಡಿನ ದೊಡ್ಡ ಪಾಲು ಒಳಗಾಡಲ್ಲ. ಊರುಗಳಿಗೆ ಹೆಣೆದುಕೊಂಡ ಅಂಚುಗಾಡು, ಬೆಟ್ಟ, ಕಾನು, ಗೋಮಾಳ. ಅದು ಯಾರದ್ದೆಂದು ಸರ್ಕಾರಕ್ಕೇ ಖಚಿತವಿಲ್ಲ. ಅರಣ್ಯ ಕಾಯ್ದೆಯ ಸೆಕ್ಷನ್ 4ರಡಿ ಮೀಸಲು ಅರಣ್ಯವೆಂದು ಉದ್ದೇಶ ಪ್ರಕಟಿಸಿ, ಜನರ ಹಕ್ಕುಗಳನ್ನು ಇತ್ಯರ್ಥ ಮಾಡಿ ಸೆಕ್ಷನ್ 17ರಡಿ ಅಂತಿಮ ಘೋಷಣೆ ಮಾಡದೆ ದಶಕಗಟ್ಟಲೆ ಬಿಟ್ಟ ಪ್ರದೇಶಗಳಿವೆ. ಪರಿಭಾವಿತ ಅರಣ್ಯವೆಂದು (ಡೀಮ್ಡ್ ಫಾರೆಸ್ಟ್) ಒಮ್ಮೆ ಗುರುತಿಸಿದ 9.94 ಲಕ್ಷ ಹೆಕ್ಟೇರನ್ನು 2022ರಲ್ಲಿ ಸುಮಾರು 3.30 ಲಕ್ಷಕ್ಕೆ ಇಳಿಸಲಾಯಿತು. ಇಪ್ಪತ್ತು ವರ್ಷ ತನ್ನ ನೆಲ ಕಾಡೋ ಕಂದಾಯವೋ ತಿಳಿಯದ ರೈತ, ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಅಧಿಸೂಚನೆಯ ಸುದ್ದಿ ಕೇಳಿದೊಡನೆ ಬೀದಿಗಿಳಿಯುತ್ತಾನೆ. ಅವನು ಕಾಡಿನ ವೈರಿಯಲ್ಲ. ಅರಣ್ಯ ಎಂಬ ಮಾತು ಅವನ ಬದುಕಿನಲ್ಲಿ ಸದಾ ಏನನ್ನೋ ಕಳೆದುಕೊಳ್ಳುವ ಸಂದರ್ಭದಲ್ಲೇ ಬಂದಿದೆ. ಗಡಿ ತೀರ್ಮಾನ ಮತ್ತು ಹಕ್ಕು ಇತ್ಯರ್ಥ ಎಂಬ ನೀರಸ ಕೆಲಸವನ್ನು ತಾಲ್ಲೂಕುವಾರು, ಕಾಲಮಿತಿಯೊಳಗೆ ಮುಗಿಸುವುದಕ್ಕಿಂತ ದೊಡ್ಡ ಅರಣ್ಯ ಸುಧಾರಣೆ ಮಲೆನಾಡಿಗೆ ಬೇರೆ ಇಲ್ಲ. ಅದು ಮುಗಿದ ಕಡೆ, ಗ್ರಾಮಾರಣ್ಯದ ಹಳೆಯ ಅಧ್ಯಾಯವನ್ನೋ ಅರಣ್ಯ ಹಕ್ಕು ಕಾಯ್ದೆಯನ್ನೋ ಬಳಸಿ, ಕೇಳಿಕೊಂಡು ಮುಂದೆ ಬಂದ ಊರುಗಳಿಗೆ ಮೊದಲು ಅಂಚುಗಾಡನ್ನು ಒಪ್ಪಿಸಬಹುದು. ನೇಪಾಳ 1993ರ ಕಾಯ್ದೆಯಡಿ ಸಾವಿರಾರು ಬಳಕೆದಾರರ ಗುಂಪುಗಳಿಗೆ ಹೀಗೆಯೇ ಕಾಡು ಒಪ್ಪಿಸಿತು. ಅಲ್ಲಿನ ಬೋಳುಬೆಟ್ಟಗಳು ಚಿಗುರಿದವು.

ಕೊನೆಯ ಪ್ರಶ್ನೆ ಅಳತೆಯದು. ರೈತನ ಗಿಡ ಬದುಕಿದ್ದರೆ ಮಾತ್ರ ಅವನಿಗೆ ಪ್ರೋತ್ಸಾಹದ ಹಣ ಎಂಬ ನಿಯಮವನ್ನು ಯಾರೂ ಕಠಿಣವೆಂದು ದೂರಿಲ್ಲ. ಅರಣ್ಯ ಇಲಾಖೆಯ ಸ್ವಂತ ನೆಡುತೋಪುಗಳಿಗೆ ಈ ನಿಯಮವಿಲ್ಲ. ಪ್ರತಿ ಜೂನ್‌ನಲ್ಲಿ ಪ್ರಕಟವಾಗುವುದು ನೆಟ್ಟ ಸಸಿಗಳ ಕೋಟಿ ಲೆಕ್ಕ. ಮೌಲ್ಯಮಾಪನ ನಡೆದರೂ ಮುಂದಿನ ವರ್ಷದ ಅನುದಾನ ಅದರ ಫಲಿತಾಂಶಕ್ಕೆ ಬಿಗಿದುಕೊಂಡಿಲ್ಲ. ಬಿದಿರಿನ ಮುಳ್ಳಿನಿಂದ ಹಿಡಿದು ಅಕೇಶಿಯಾ ತೋಪಿನವರೆಗೆ ನಡೆದ ತಪ್ಪುಗಳೆಲ್ಲ ಇಷ್ಟು ಕಾಲ ಮುಂದುವರಿದದ್ದು ಎಣಿಸುವವರೂ ನೆಡುವವರೂ ಒಬ್ಬರೇ ಆಗಿದ್ದರಿಂದ. ಮೂರನೆಯ ಮತ್ತು ಹತ್ತನೆಯ ವರ್ಷದಲ್ಲಿ ಆ ಊರಿನ ಗ್ರಾಮಸಭೆಯವರ ಎದುರಿನಲ್ಲೇ ಗಿಡಗಳನ್ನೂ, ತಾನಾಗಿ ಎದ್ದ ಸಸಿಗಳನ್ನೂ ಎಣಿಸಿ, ವಲಯವಾರು ಫಲಿತಾಂಶವನ್ನು ಪ್ರಕಟಿಸಿ, ಮುಂದಿನ ನೆಡುತೋಪಿನ ಹಣವನ್ನು ಅದಕ್ಕೆ ತಕ್ಕಂತೆ ಕೊಡುವ ಕ್ರಮಕ್ಕೆ ವಿಧಾನಸಭೆಯ ಹೊಸ ಕಾಯ್ದೆಯೂ ಬೇಡ, ಕೇಂದ್ರದ ಒಪ್ಪಿಗೆಯೂ ಬೇಡ; ಬರುವ ಮಳೆಗಾಲಕ್ಕೆ ಒಂದು ಸರ್ಕಾರಿ ಆದೇಶ ಸಾಕು.